ಜಕ್ಕವ್ವನ ಹಗೆ

ಕೈ ಕೆಲಸ ನಿಲ್ಲಿಸಬೇಡಿ. ಹುಣಸೆಹಣ್ಣು ಬಿಡಿಸ್ತಾನೇ ಇರಿ, ಕಿವಿ ಮಾತ್ರ ಈ ಕಡೆ ಇಡಿ.

ನಮ್ಮೂರೂ ಅಲ್ಲ, ನಿಮ್ಮೂರೂ ಅಲ್ಲ, ಅಂಥ ಒಂದು ಸೀಮೆ. ನಿಮ್ಮಜ್ಜಿ ಕಾಲವೂ ಅಲ್ಲ, ಅವರಜ್ಜಿ ಕಾಲವೂ ಅಲ್ಲ, ಅಂಥ ಒಂದು ಕಾಲ. ಆ ಸೀಮೇಲಿ ಎದುರುಬದುರು ಎರಡು ಗುಡ್ಡ ಇದ್ವು. ಮೂಡಲಗುಡ್ಡ ಒಂದು, ಪಡುವಲಗುಡ್ಡ ಒಂದು. ಒಂದೊಂದು ಗುಡ್ಡಕ್ಕೂ ಒಂದೊಂದು ಊರು. ನಡುವೆ ಬರೀ ಹಾಸುಬಂಡೆ. ಆ ಬಂಡೆ ಮಧ್ಯೆ ಒಂದು ದೊಣೆ. ದೊಣೆ ಅಂದ್ರೆ ಕಲ್ಲೊಳಗೆ ತಾನಾಗೇ ನೀರು ನಿಲ್ಲೋ ಗುಂಡಿ. ಎಂಥ ಬೇಸಿಗೇಲೂ ಆ ದೊಣೆ ಬತ್ತುತಿರ್ಲಿಲ್ಲ. ಎರಡೂರಿಗೆ ಒಂದೇ ನೀರು. ಜಗಳ ಬರದೆ ಇರುತ್ತಾ?

ಬಂತು. ಒಂದು ದಿನ ಕತ್ತಿ ಹಿಡ್ಕೊಂಡೇ ಬಂತು.

ಮೂಡಲಗುಡ್ಡದಲ್ಲಿ ಜಕ್ಕವ್ವ ಅಂತ ಒಬ್ಳಿದ್ಲು. ಇಪ್ಪತ್ತರ ಹೆಣ್ಣು. ಅವಳು ಕತ್ತಿ ಹಿಡಿದು ಬಂದ್ರೆ ಗಂಡಸರು ದಾರಿ ಬಿಡೋರು. ತನ್ನೋರು ಅಂತ ಅವಳಿಗೆ ಇದ್ದೋನು ಒಬ್ಬನೇ ತಮ್ಮ. ಪಡುವಲಗುಡ್ಡದಲ್ಲಿ ಕದರಯ್ಯ ಅಂತ ಒಬ್ನಿದ್ದ. ಆಳು ಅಂದ್ರೆ ಆಳು, ತಲೆ ತಗ್ಗಿಸಿದ್ದನ್ನ ಯಾರೂ ನೋಡಿಲ್ಲ. ಅವನಿಗೆ ಇದ್ದೋನು ಒಬ್ಬನೇ ಅಪ್ಪ. ಆ ದಿನದ ಬಡಿದಾಟದಲ್ಲಿ ಕದರಯ್ಯನ ಕತ್ತಿಗೆ ಜಕ್ಕವ್ವನ ತಮ್ಮ ಬಿದ್ದ. ಜಕ್ಕವ್ವನ ಕತ್ತಿಗೆ ಕದರಯ್ಯನ ಅಪ್ಪ ಬಿದ್ದ. ಒಂದೇ ಬಂಡೆ, ಒಂದೇ ಬಿಸಿಲು, ಎರಡು ಹೆಣ.

ಬಂಡೆ ಅಂಚಿಗೆ ಗುಡ್ಡದವ್ವನ ಗುಡಿ. ಗುಡಿ ಏನು, ಮೂರು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ. ಮಾರನೇ ದಿನ ಬೆಳಿಗ್ಗೆ ಜಕ್ಕವ್ವ ಅಲ್ಲಿಗೆ ಹೋದ್ಲು. ಕೈ ಮುಗೀಲಿಲ್ಲ, ಸೊಂಟದ ಮೇಲೆ ಕೈ ಇಟ್ಕೊಂಡೇ ಕೇಳಿದ್ಲು. "ಅವ್ವಾ, ಆ ಕದರಯ್ಯನ್ನ ಮುಗಿಸೋ ತನಕ ನನಗೆ ಸಾವು ಕೊಡಬೇಡ."

ಗುಡ್ಡದವ್ವ ಏನಂದ್ಲು? "ನಿನ್ನ ಹಗೆ ಇರೋ ತನಕ ನಿನಗೆ ಸಾವಿಲ್ಲ, ಹೋಗು" ಅಂದ್ಲು.

ಅದೇ ದಿನ ಮಧ್ಯಾಹ್ನ ಕದರಯ್ಯ ಬಂದ. ಅವನೂ ಕೈ ಮುಗೀಲಿಲ್ಲ. "ಅವ್ವಾ, ಆ ಜಕ್ಕವ್ವನ್ನ ಮುಗಿಸೋ ತನಕ ನನಗೆ ಸಾವು ಕೊಡಬೇಡ" ಅಂದ. ಗುಡ್ಡದವ್ವ ಅವನಿಗೂ ಅದನ್ನೇ ಅಂದ್ಲು. "ನಿನ್ನ ಹಗೆ ಇರೋ ತನಕ ನಿನಗೆ ಸಾವಿಲ್ಲ, ಹೋಗು." ಅವಳಿಗೆ ಇಬ್ಬರೂ ಮಕ್ಕಳೇ ಅಲ್ವಾ?

ನನ್ನ ವೈರಿ ಬದುಕಿರೋ ತನಕ ನನಗೆ ಸಾವಿಲ್ಲ ಅಂತ ಇಬ್ಬರೂ ತಿಳ್ಕೊಂಡ್ರು. ಅವನು ಸಾಯಲ್ಲ, ಹಾಗಾಗಿ ಇವಳು ಸಾಯಲ್ಲ. ಇವಳು ಸಾಯಲ್ಲ, ಹಾಗಾಗಿ ಅವನು ಸಾಯಲ್ಲ. ಕತ್ತಿ ತಾಗಿದ್ರೆ ಒಂದು ಹನಿ ರಕ್ತ ಬಂಡೆಗೆ ಬೀಳೋದ್ರೊಳಗೆ ಗಾಯ ಮುಚ್ಕೊಳ್ಳೋದು. ವಯಸ್ಸೂ ಅಲ್ಲೇ ನಿಂತೋಯ್ತು.

ಇದನ್ನ ನೋಡಿ ಎರಡೂರಿನೋರು ಏನು ಮಾಡಿದ್ರು ಗೊತ್ತಾ? ತಮ್ಮ ಕತ್ತಿ ಎಲ್ಲಾ ಅಟ್ಟಕ್ಕೆ ಹಾಕಿದ್ರು. "ವರ್ಷಕ್ಕೊಂದು ಸಲ, ಯುಗಾದಿ ಮಾರನೇ ದಿನ, ಇವರಿಬ್ಬರೇ ಕಾದಾಡ್ಲಿ. ಯಾರು ಬಂಡೆಯಿಂದ ಕೆಳಗಿಳೀತಾರೋ ಅವರ ಊರು ಆ ವರ್ಷ ದೂರದ ಹಳ್ಳಕ್ಕೆ ಹೋಗಿ ನೀರು ತರ್ಲಿ" ಅಂದ್ರು. ಹೊಡೆದಾಟ ಇವರದ್ದು, ನೀರು ಅವರದ್ದು.

ಪ್ರತಿ ಯುಗಾದಿಗೂ ಬಂಡೆ ಮೇಲೆ ಇಬ್ಬರದ್ದೂ ಒಂದೇ ಮಾತು.

"ಬಂದ್ಯಾ?"

"ಬಂದೆ."

"ಸಾಯ್ತೀಯಾ?"

"ನೀನು ಮೊದಲು."

ಒಂದು ವರ್ಷ ಅವಳು ಗೆಲ್ಲೋಳು, ಒಂದು ವರ್ಷ ಅವನು. ಹೀಗೇ ನೂರು ವರ್ಷ ಆಯ್ತು.

ನೂರನೇ ವರ್ಷ ಕಾದಾಡ್ತಾ ಕಾದಾಡ್ತಾ ಜಕ್ಕವ್ವನ ನಡುಪಟ್ಟಿ ಬಿಚ್ಚಿ ಕಾಲಿಗೆ ಸುತ್ಕೊಂತು. ಕದರಯ್ಯ ಕತ್ತಿ ಇಳಿಸಿ ನಿಂತ. "ಕಟ್ಕೋ" ಅಂದ.

"ನಿನ್ನ ದಯೆ ನನಗೆ ಬೇಡ" ಅಂದ್ಲು ಜಕ್ಕವ್ವ.

"ದಯೆ ಯಾರು ತೋರಿಸಿದ್ರು? ಬಟ್ಟೆ ತೊಡರಿ ಬಿದ್ದೋಳನ್ನ ಗೆದ್ದೆ ಅಂತ ನಾನು ಊರಲ್ಲಿ ಹೇಳ್ಕೊಳ್ಳಲಾ?"

ಅವಳು ಪಟ್ಟಿ ಬಿಗಿದು ಕಟ್ಕೊಂಡ್ಲು. ಆ ವರ್ಷ ಅವಳೇ ಗೆದ್ಲು.

ಇನ್ನೂರನೇ ವರ್ಷ ಕದರಯ್ಯನ ಕತ್ತಿ ಹಿಡಿ ಹತ್ರ ಮುರೀತು. ಮೂಡಲಗುಡ್ಡದೋರು ಕೇಕೆ ಹಾಕಿದ್ರು. ಜಕ್ಕವ್ವ ಅವರ ಕಡೆ ಒಂದು ಸಲ ತಿರುಗಿ ನೋಡಿದ್ಲು ನೋಡಿ, ಕೇಕೆ ಅಲ್ಲೇ ನಿಂತೋಯ್ತು. ತನ್ನ ಬೆನ್ನಿಗಿದ್ದ ಇನ್ನೊಂದು ಕತ್ತಿ ತೆಗೆದು ಅವನ ಕಾಲ ಹತ್ರ ಇಟ್ಲು. "ಬರಿಗೈ ಮೇಲೆ ಗೆದ್ರೆ ನನ್ನ ಕತ್ತಿಗೆ ನಾಚಿಕೆ" ಅಂದ್ಲು. ಆ ವರ್ಷ ಅವನು ಗೆದ್ದ, ಅವಳದ್ದೇ ಕತ್ತೀಲಿ.

ಈಗ ಒಂದು ಮಾತು ಕೇಳ್ತೀನಿ, ಯೋಚನೆ ಮಾಡಿ. ಸಾವಿಲ್ಲ ಅಂದ್ರೆ ಸುಖಾನಾ? ಜಕ್ಕವ್ವನ ಜೊತೆ ಆಡಿದೋರು ಹೋದ್ರು, ಅವರ ಮಕ್ಕಳು ಹೋದ್ರು, ಮೊಮ್ಮಕ್ಕಳೂ ಹೋದ್ರು. ಊರೋರು ಅವಳ ಕಾಲಿಗೆ ಬೀಳ್ತಿದ್ರು, ಪಕ್ಕದಲ್ಲಿ ಕೂರ್ತಿರ್ಲಿಲ್ಲ. ಆ ಕಡೆ ಗುಡ್ಡದಲ್ಲಿ ಕದರಯ್ಯನ ಪಾಡೂ ಅದೇ.

ಇನ್ನೂರ ತೊಂಬತ್ತೊಂಬತ್ತನೇ ವರ್ಷ. ಇಬ್ಬರೂ ಕತ್ತಿ ಎತ್ತಿದ್ದಾರೆ, ಅಷ್ಟರಲ್ಲಿ ಆಲಿಕಲ್ಲು ಮಳೆ ಶುರುವಾಯ್ತು. ನಿಂಬೆಹಣ್ಣಿನ ಗಾತ್ರದ ಕಲ್ಲು. ನೋಡೋಕೆ ಬಂದೋರೆಲ್ಲ ಊರ ಕಡೆ ಓಡಿದ್ರು. ಬಂಡೆ ಪಕ್ಕ ಒಂದು ದೊಡ್ಡ ಗುಂಡುಕಲ್ಲು ಚಾಚ್ಕೊಂಡಿತ್ತು, ಅದರಡಿ ಇಬ್ಬರು ಕೂರೋಷ್ಟು ಜಾಗ. ಇದ್ದೋರೂ ಇಬ್ಬರೇ. ಕೂತ್ರು. ನಡುವೆ ಎರಡು ಕತ್ತಿ.

ಆಮೇಲೆ ಜಕ್ಕವ್ವ ಅಂದ್ಲು, "ಒಂದು ಕೇಳ್ತೀನಿ, ನಗಬಾರ್ದು."

"ಕೇಳು."

"ನನ್ನ ತಮ್ಮನ ಮುಖ ನನಗೆ ಮರೆತು ಹೋಗಿದೆ. ಊರಲ್ಲಿ ಯಾರನ್ನ ಕೇಳ್ಲಿ? ಅವನನ್ನ ನೋಡಿದೋರು ಅಂತ ಉಳಿದಿರೋನು ನೀನೊಬ್ಬನೇ."

ಕದರಯ್ಯ ನಗಲಿಲ್ಲ. ಮಳೆ ನೋಡ್ತಾ ಹೇಳಿದ. "ಎಡಚ. ಎಡಗೈಲಿ ಕತ್ತಿ ಹಿಡಿದಿದ್ದ. ಮೂಗಿನ ಮೇಲೆ ಸಿಡುಬಿನ ಕಲೆ ಎರಡು. ಹುಬ್ಬು ನಿನ್ನ ಹಾಗೇ ಕೂಡ್ಕೊಂಡಿತ್ತು. ಕತ್ತಿ ಬೀಸೋ ಮುಂಚೆ ತುಟಿ ಕಚ್ಕೊಂಡ. ಮೀಸೆ ಇನ್ನೂ ಬಂದಿರ್ಲಿಲ್ಲ. ಅದನ್ನ ನಾನು ಅವನು ಬಿದ್ದ ಮೇಲೆ ನೋಡಿದೆ. ಅವತ್ತಿಂದ ಕಣ್ಮುಚ್ಚಿದ್ರೆ ನನಗೆ ಆ ಮುಖವೇ."

ಜಕ್ಕವ್ವ ಸೆರಗು ಬಾಯಿಗಿಟ್ಕೊಂಡು ಅತ್ಲು. ಸಿಡುಬಿನ ಕಲೆ, ಹೌದು. ಎರಡು, ಹೌದು. ತಮ್ಮನ ಮುಖ ಕಣ್ಮುಂದೆ ಬಂತು, ಕೊಂದೋನ ಬಾಯಿಂದಲೇ ಬಂತು. ಎಂಥ ಸಂಕಟ ಹೇಳಿ ಅದು. ಕಣ್ಣೊರೆಸಿಕೊಂಡು ಅಂದ್ಲು, "ನಿಮ್ಮಪ್ಪ ಕೊನೇಲಿ ನೀರು ಕೇಳಿದ. ದೊಣೆಯಿಂದ ಬೊಗಸೇಲಿ ತಂದು ನಾನೇ ಕುಡಿಸಿದೆ."

"ನೀನಾ?"

"ನಾನೇ. ಕುಡಿದು ಏನಂದ ಗೊತ್ತಾ? 'ನನ್ನ ಮಗ ಬಲು ಮೊಂಡ ಕಣವ್ವಾ, ಅವನ ಹತ್ರ ಹುಷಾರಾಗಿರು' ಅಂದ."

ಕದರಯ್ಯನಿಗೆ ನಗು ಬಂತು. ನಗ್ತಾ ನಗ್ತಾ ಭುಜ ಕುಲುಕಿ ಅಳು ಬಂತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳಿದೆ?"

ಮಳೆ ನಿಂತ ಮೇಲೆ ಇಬ್ಬರೂ ಎದ್ದು ತಂತಮ್ಮ ಗುಡ್ಡ ಹತ್ತಿದ್ರು. ಆ ವರ್ಷ ಯಾರೂ ಗೆಲ್ಲಲಿಲ್ಲ. ಆದ್ರೆ ಜಕ್ಕವ್ವ ಮುಂದಿನ ಯುಗಾದಿಗೆ ದಿನ ಎಣಿಸೋಕೆ ಶುರು ಮಾಡಿದ್ಲು. ಇನ್ನೂರ ತೊಂಬತ್ತೊಂಬತ್ತು ವರ್ಷ ಹೊಡೆಯೋಕೆ ಎಣಿಸಿದ್ಲು. ಈ ಸಲ ನೋಡೋಕೆ ಎಣಿಸಿದ್ಲು. ಒಪ್ಕೊಂಡ್ಲಾ? ತನ್ನ ಹತ್ರಾನೂ ಒಪ್ಕೊಳ್ಳಲಿಲ್ಲ. ಅಷ್ಟು ಸೆಟೆದ ಕತ್ತು ಅವಳದ್ದು.

ಮುನ್ನೂರನೇ ಯುಗಾದಿ ಬಂತು. ಎರಡೂರೂ ಬಂಡೆ ಸುತ್ತ ನೆರೆದಿತ್ತು.

"ಬಂದ್ಯಾ?"

"ಬಂದೆ."

"ಸಾಯ್ತೀಯಾ?" ಅನ್ನಬೇಕಿತ್ತು ಕದರಯ್ಯ. ಅನ್ನಲಿಲ್ಲ. "ಸೊರಗಿದ್ದೀಯಲ್ಲ" ಅಂದ.

"ಕತ್ತಿ ಎತ್ತು" ಅಂದ್ಲು ಜಕ್ಕವ್ವ. ಇನ್ನೇನು ಅಂದಾಳು, ಸುತ್ತ ಅಷ್ಟು ಜನ.

ಕಾದಾಡಿದ್ರು. ಮೂರನೇ ಏಟಿಗೆ ಅವಳ ಕತ್ತಿ ಅವನ ಭುಜ ಸೀಳ್ತು. ಒಂದು ಹನಿ ಬಿತ್ತು. ಗಾಯ ಮುಚ್ಚಬೇಕಲ್ಲ? ಮುಚ್ಚಲಿಲ್ಲ. ಎರಡನೇ ಹನಿ, ಮೂರನೇ ಹನಿ. ಆಮೇಲೆ ಧಾರೆ. ಕದರಯ್ಯ ತನ್ನ ಭುಜ ತಾನೇ ಬೆರಗಾಗಿ ನೋಡ್ಕೊಂಡ. ಒಂದು ಮಂಡಿ ಊರಿದ.

ಮೂಡಲಗುಡ್ಡದ ಗೌಡ, ಹಾಲೇಗೌಡ ಅಂತ, ಮುಂದೆ ಬಂದು ಕೂಗಿದ. "ತಾಯಿ, ಅವನ ವರ ಮುಗೀತು. ಈಗಲೇ ಕಡಿದುಬಿಡು, ದೊಣೆ ಎಂದೆಂದಿಗೂ ನಮ್ಮದು."

ಆಗ ಜಕ್ಕವ್ವನಿಗೆ ಗುಡ್ಡದವ್ವನ ಮಾತು ತಿಳೀತು. ಹಗೆ ಇರೋ ತನಕ ಅಂದಿದ್ಲು ಅವ್ವ. ಹಗೆ ಅಂದ್ರೆ ವೈರಿ ಅಂತ ತಿಳಿದಿದ್ರು ಇಬ್ಬರೂ. ಹಗೆ ಅಂದ್ರೆ ಹಗೆತನವೂ ಅಲ್ವಾ? ಅವನೊಳಗೆ ಅದು ಮುಗಿದಿದೆ. ತನ್ನೊಳಗೆ?

ಕತ್ತಿ ತಿರುಗಿಸಿ ತನ್ನ ಅಂಗೈ ಮೇಲೆ ಎಳ್ಕೊಂಡ್ಲು. ರಕ್ತ ಬಂತು. ನಿಲ್ಲಲಿಲ್ಲ.

ಆ ಕೈ ಎತ್ತಿ ಎರಡೂರಿಗೂ ತೋರಿಸಿದ್ಲು. ತಗ್ಗಿದ ದನಿ ಅಲ್ಲ, ಬಂಡೆ ತುಂಬೋ ದನೀಲಿ ಹೇಳಿದ್ಲು. "ನೋಡ್ಕೊಳ್ಳಿ. ಇವನಿಗೂ ಸಾವಿದೆ, ನನಗೂ ಸಾವಿದೆ. ಇವನ ಮೇಲೆ ನನಗಿದ್ದ ಹಗೆ ತೀರಿತು. ಅದನ್ನ ಹೇಳೋಕೆ ನನಗೇನೂ ನಾಚಿಕೆ ಇಲ್ಲ. ಮುನ್ನೂರು ವರ್ಷ ನಿಮ್ಮ ಜಗಳ ನಾವು ಆಡಿದ್ವಿ. ನಾಳೆಯಿಂದ ನೀವೇ ಆಡ್ಕೊಳ್ಳಿ. ಹಾಲೇಗೌಡ್ರೇ, ಕತ್ತಿ ತಗೊಳ್ಳಿ. ನಿಮ್ಮ ಮಗನ್ನೂ ಕರೀರಿ, ಅವನಿಗೂ ಒಂದು ಕೊಡ್ತೀನಿ."

ಕತ್ತಿ ಗೌಡನ ಮುಂದೆ ಚಾಚಿದ್ಲು. ಗೌಡ ಕತ್ತಿ ನೋಡಿದ. ಎದುರಿಗೆ ಪಡುವಲಗುಡ್ಡದೋರನ್ನ ನೋಡಿದ. ಗುಂಪಲ್ಲಿ ನಿಂತ ಮಗನ್ನ ನೋಡಿದ. ಕೈ ಮುಂದೆ ಬರಲಿಲ್ಲ. ಆ ಕಡೆಯೋರಲ್ಲೂ ಒಬ್ಬನ ಕೈಯೂ ಮುಂದೆ ಬರಲಿಲ್ಲ. ಸಾಯೋದು ತಮ್ಮ ಮನೆಯೋರು ಅಂದಾಗ ಯಾರಿಗೆ ತಾನೇ ಧೈರ್ಯ ಬರುತ್ತೆ?

ಕೊನೆಗೆ ಗೌಡನೇ ಗಂಟಲು ಸರಿ ಮಾಡ್ಕೊಂಡು, "ಬೆಳಿಗ್ಗೆ ನಾವು ತುಂಬ್ಕೋತೀವಿ, ಮಧ್ಯಾಹ್ನ ನೀವು ತುಂಬ್ಕೊಳ್ಳಿ" ಅಂದ. ಪಡುವಲಗುಡ್ಡದೋರು "ಆಗ್ಲಿ" ಅಂದ್ರು. ಮುನ್ನೂರು ವರ್ಷದ ಜಗಳ ಅಷ್ಟೇ ಮಾತಲ್ಲಿ ಮುಗೀತು.

ಜಕ್ಕವ್ವ ಸೆರಗು ಹರಿದು ಕದರಯ್ಯನ ಭುಜಕ್ಕೆ ಕಟ್ಟಿದ್ಲು. ಅವನು ಅಂದ, "ನಿನ್ನ ಊರಿಗೆ ನಾನು ಬರಲ್ಲ."

"ನಾನೇನು ಕರೆದ್ನಾ? ನಿನ್ನ ಊರಿಗೆ ನಾನೂ ಬರಲ್ಲ."

ಇಬ್ಬರೂ ಸೋಲಲಿಲ್ಲ. ಬಂಡೆ ಮೇಲೇ ಮನೆ ಕಟ್ಕೊಂಡ್ರು. ಮೂಡಲಿಗೊಂದು ಬಾಗಿಲು, ಪಡುವಲಿಗೊಂದು ಬಾಗಿಲು. ಅವನು ತನ್ನ ಬಾಗಿಲಿಂದ ಬರೋನು, ಅವಳು ತನ್ನ ಬಾಗಿಲಿಂದ ಬರೋಳು, ಒಲೆ ಮಾತ್ರ ಒಂದೇ. ಗಂಡಹೆಂಡಿರು ದಿನಾ ಜಗಳ ಆಡೋರು. ಊರೋರು ಕಿವಿಗೊಟ್ಟು ಕೇಳೋರು, ಎಲ್ಲಾದ್ರೂ ಹಗೆ ಮರಳಿ ಬಂದು ಇಬ್ಬರೂ ಉಳ್ಕೋತಾರೇನೋ ಅಂತ. ಎಲ್ಲಿ ಬರುತ್ತೆ? ಉಪ್ಪು ಕಮ್ಮಿ ಅಂತ ಜಗಳ ಆಡಿದ್ರೆ ಅದು ಹಗೆ ಆಗುತ್ತಾ? ಇಬ್ಬರ ಕೂದಲೂ ಬೆಳ್ಳಗಾಯ್ತು. ಜಕ್ಕವ್ವ ಆ ಬಿಳಿ ಕೂದಲನ್ನ ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟಿ, ತಲೆ ಎತ್ಕೊಂಡು ನೀರಿಗೆ ಬರೋಳು.

ಮೂವತ್ತು ವರ್ಷ ಕಳೀತು. ಒಂದು ದಿನ ದೊಣೆ ಹತ್ರ ಒಬ್ಳು ಹೊಸ ಸೊಸೆ ಕೇಳಿದ್ಲು, "ಅಜ್ಜೀ, ಸಾವೇ ಇಲ್ಲದೆ ಇದ್ದೋಳು ನೀನು. ಇನ್ನೂ ಸಾವಿರ ವರ್ಷ ಇರಬಹುದಿತ್ತು. ಈ ಸಂಸಾರಕ್ಕೋಸ್ಕರ ಕಳ್ಕೊಂಡ್ಯಲ್ಲ, ಬೇಜಾರಿಲ್ವಾ?"

ಜಕ್ಕವ್ವ ಕೊಡ ಸೊಂಟಕ್ಕೇರಿಸಿಕೊಂಡ್ಲು. "ಮುನ್ನೂರು ವರ್ಷ ಎರಡೂರಿನೋರು ನನ್ನ ಹೆಸರು ಹೇಳಿ ನಡುಗಿದ್ರು ಮಗಾ. ಒಬ್ರೂ ಊಟ ಆಯ್ತಾ ಅಂತ ಕೇಳಿರ್ಲಿಲ್ಲ" ಅಂದ್ಲು. ಅಷ್ಟರಲ್ಲಿ ಮನೆ ಬಾಗಿಲಿಂದ ಮುದುಕ ಕೂಗಿದ, ಅನ್ನ ಆರಿಹೋಗ್ತಿದೆ, ಬರ್ತೀಯೋ ಇಲ್ವೋ ಅಂತ. "ಹೋಗ್ಬೇಕು, ಕಾಯ್ತಿದ್ದಾನೆ" ಅಂತ ಜಕ್ಕವ್ವ ನಡೆದ್ಲು.

ಬಾಳಿದೋರು ಬಾಳಿ ಹೋದ್ರು, ಕೇಳಿದೋರ ಮನೆ ತಂಪಾಗಿರ್ಲಿ. ಹೇಳಿದ ಗಂಟಲು ಒಣಗಿದೆ, ಯಾರಾದ್ರೂ ಎದ್ದು ಒಂದು ಚೊಂಬು ಮಜ್ಜಿಗೆ ತನ್ನಿ.