ಧನ್ಯಶ್ರೀಯ ಬಾಯಿಗೆ ಹೋದ ದ್ರಾವಣದ ಬಗ್ಗೆ

ನನ್ನ ಹೆಸರು ಭಾಗೀರಥಿ ಕೋಂ ಉಮಾಮಹೇಶ್ವರ, ವಯಸ್ಸು 42 ವರ್ಷ, ಕೆಲಸ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಉಪನ್ಯಾಸಕಿ, ವಾಸ ಕೆಂಚನಕೊಪ್ಪ ಗ್ರಾಮ, ಮೂಡಿಗೆರೆ ತಾಲ್ಲೂಕು. ಈ ದಿನ ದಿನಾಂಕ 20-11-1998ರಂದು ಬೆಳಿಗ್ಗೆ ಠಾಣೆಗೆ ನಾನಾಗಿಯೇ ಬಂದು, ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿಯವರ ಎದುರು ಬರೆಸುತ್ತಿರುವುದೇನೆಂದರೆ:

ಎಸ್ಟೇಟ್ ಕೆಲಸಗಾರರಾದ ಲಕ್ಕಯ್ಯನವರ ಮಗಳು ಧನ್ಯಶ್ರೀ, 17 ವರ್ಷ, ನನ್ನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಅವಳು ಸಾಯುವ ಉದ್ದೇಶದಿಂದ ಕೀಟನಾಶಕ ಕುಡಿದಿದ್ದಾಳೆಂದು ಆಸ್ಪತ್ರೆಯಿಂದ ನಿನ್ನೆ ಸಂಜೆ ಠಾಣೆಗೆ ಚೀಟಿ ಬಂದಿದೆ. ಅದರ ಮೇಲೆ ಹುಡುಗಿಯ ವಿರುದ್ಧವೇ ಆತ್ಮಹತ್ಯಾ ಪ್ರಯತ್ನದ ಕೇಸು ದಾಖಲಾಗಲಿದೆ ಎಂದು ತಿಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಯಾವನೋ ಹುಡುಗನ ಹೆಸರನ್ನೂ ಸೇರಿಸಿ ಆಡಿಕೊಳ್ಳುತ್ತಿದ್ದಾರೆ. ಅವಳು ಕೀಟನಾಶಕ ಕುಡಿದಿಲ್ಲ. ಅವಳ ಹೊಟ್ಟೆಗೆ ಹೋದದ್ದು ನಾನು ತಯಾರಿಸಿದ ದ್ರಾವಣ, ಅದೂ ಒಂದು ಗುಟುಕು.

ನಿನ್ನೆ ಗುರುವಾರ ಎರಡನೇ ಅವಧಿಗೆ ಪ್ರಾಯೋಗಿಕ ತರಗತಿ ಇತ್ತು. ಅದಕ್ಕೆ ಮೊದಲು ನಾನೇ 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು ತೂಗಿ, ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಬೆಂಚಿಗೊಂದು ಬೀಕರಿನಂತೆ ಹಂಚಿದ್ದೆ. ಈ ದ್ರಾವಣವನ್ನು ಪಿಪೆಟ್ ಎಂಬ ಗಾಜಿನ ಕೊಳವೆಯಲ್ಲಿ ಬಾಯಿಂದ ಎಳೆದು ಅಳೆಯಬೇಕು. ಕೊಳವೆಯ ತುದಿ ದ್ರಾವಣದೊಳಗೇ ಮುಳುಗಿರಲಿ, ಮೇಲೆ ಬಂದರೆ ಗಾಳಿ ಹೊಕ್ಕು ನೀರು ಬಾಯಿಗೆ ಹಾರುತ್ತದೆ ಎಂದು ಹದಿನಾರು ವರ್ಷದಿಂದ ಬಡಕೊಳ್ಳುತ್ತಿದ್ದೇನೆ. ಹಾಗಿದ್ದೂ ವರ್ಷಕ್ಕೆ ಇಬ್ಬರು ಮೂವರು ಮುಖ ಕಿವುಚಿಕೊಂಡು ಬಾಯಿ ತೊಳೆಯಲು ಓಡುತ್ತಾರೆ.

ಧನ್ಯಶ್ರೀ ಕೊನೆಯ ಬೆಂಚಿನಲ್ಲಿದ್ದಳು. ಜೊತೆಯಲ್ಲಿದ್ದವಳು ಪಂಚಮಿ ಎಂಬ ವಿದ್ಯಾರ್ಥಿನಿ. ಅವರ ಬೀಕರಿನಲ್ಲಿ ದ್ರಾವಣ ತಳ ಕಂಡಿತ್ತು. ನನ್ನನ್ನು ಕೇಳಿದರೆ ಬೈಯುತ್ತೇನೆಂದು ಇದ್ದುದರಲ್ಲೇ ಎಳೆಯಲು ಹೋದರೆಂದು ಪಂಚಮಿ ನನಗೆ ಆಮೇಲೆ ಹೇಳಿದಳು. ನಾನು ಬೈಯುತ್ತಿದ್ದೆ ಎಂಬುದೂ ನಿಜ. ತುದಿ ಮೇಲೆ ಬಂದು ದ್ರಾವಣ ಬಾಯಿಗೆ ನುಗ್ಗಿತು, ಉಗುಳುವ ಬದಲು ಗಾಬರಿಯಲ್ಲಿ ನುಂಗಿಬಿಟ್ಟಳು. ಅವಳು ಕೆಮ್ಮಿದ್ದನ್ನು ನಾನು ಮುಂದಿನ ಬೆಂಚಿನಿಂದ ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಅವಳು ಎಲ್ಲರಂತೆ ಚೆನ್ನಾಗಿಯೇ ಇದ್ದಳು.

ನಾನು ಬಾಯಿ ಮುಕ್ಕಳಿಸಲು ನೀರು ಕೊಡುವಷ್ಟರಲ್ಲಿ ಪಂಚಮಿ ಆಸಿಡ್ ಕುಡಿದಳು ಎಂದು ಕೂಗಿಕೊಂಡಳು. ಅದನ್ನು ಕೇಳಿ ನಮ್ಮ ಅಟೆಂಡರ್ ತಿಮ್ಮಪ್ಪ ಓಡಿ ಬಂದರು. ಅವರು ಮೊದಲು ಎಸ್ಟೇಟಿನಲ್ಲಿ ಔಷಧಿ ಹೊಡೆಯುವ ಗ್ಯಾಂಗಿನಲ್ಲಿದ್ದವರು. ಔಷಧಿ ಕುಡಿದವರನ್ನು ಎತ್ತಿಕೊಂಡು ಓಡಿದ ಅನುಭವ ಅವರಿಗಿದೆ. "ಸೋಪಿನ್ ನೀರು ಕುಡ್ಸಿ ಮೊದ್ಲು, ವಾಂತಿ ಆದ್ರೆ ಬದುಕ್ತಾಳೆ ಮಾರಾಯ್ರೆ" ಎನ್ನುತ್ತ, ಕೈತೊಳೆಯುವ ಸೋಪನ್ನು ಮಗ್ಗಿನಲ್ಲಿ ಕದಡಿ, ನಾನು ಬೇಡ ಬೇಡ ಎನ್ನುತ್ತಿದ್ದರೂ ಅರ್ಧ ಮಗ್ಗು ಕುಡಿಸಿಯೇಬಿಟ್ಟರು. ಹುಡುಗಿ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಮೂರು ಸಲ ವಾಂತಿ ಮಾಡಿ, ಬಾಯಿ ತುಂಬ ನೊರೆ ಬಂದು, ಅಲ್ಲೇ ಕುಸಿದಳು. ತಿಮ್ಮಪ್ಪನವರ ಮೇಲೆ ನನಗೆ ಕೋಪವಿತ್ತು, ಈಗ ಇಲ್ಲ. ಅವರಿಗೆ ಗೊತ್ತಿದ್ದ ವಿಷ ಅದೊಂದೇ.

ಕಾಲೇಜಿನ ಬೇಲಿಯ ಆಚೆಯೇ ಲಕ್ಕಯ್ಯನವರು ಕೆಲಸ ಮಾಡುವ ಎಸ್ಟೇಟ್. ಸುದ್ದಿ ಮುಟ್ಟಿ ಅವರು ಎಸ್ಟೇಟಿನ ಜೀಪಿನಲ್ಲೇ ಬಂದರು. ಕಾಫಿ ಗಿಡಗಳ ಬೋರರ್ ಹುಳಕ್ಕೆ ಔಷಧಿ ಹೊಡೆಯುತ್ತಿದ್ದವರು, ಪಂಪು ಕೆಳಗಿಟ್ಟು ಹಾಗೆಯೇ ಬಂದಿದ್ದರು. ಮಗಳನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಅವಳ ಮುಖವನ್ನು ಎದೆಗೆ ಒತ್ತಿಕೊಂಡು ಕೂತರು. ಆಸ್ಪತ್ರೆಯವರೆಗೆ 22 ಕಿಲೋಮೀಟರ್ ಅವರು ಹಾಗೆಯೇ ಕೂತಿದ್ದರು. ನಾನು ಮುಂದಿನ ಸೀಟಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತಿದ್ದೆ.

ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರಿಗೆ ದ್ರಾವಣದ ಹೆಸರು, ಪ್ರಮಾಣ ಎರಡನ್ನೂ ಹೇಳಿದೆ. ಅವರು ಹುಡುಗಿಯ ಬಾಯಿಯ ನೊರೆ ನೋಡಿದರು, ಯೂನಿಫಾರಂ ಮೂಸಿ ನೋಡಿದರು, ನನ್ನನ್ನು ಹೊರಗೆ ನಿಲ್ಲಲು ಹೇಳಿದರು. ಒಳಗೆ ಲಕ್ಕಯ್ಯನವರು ಡಾಕ್ಟರಿಗೆ, ಮಗಳು ಮನೆಯಿಂದ ಬರುವಾಗಲೇ ಔಷಧಿ ಕುಡಿದು ಬಂದಿರಬೇಕು, ಮನೆಯ ಅಟ್ಟದ ಮೇಲೆ ಬೋರರ್ ಔಷಧಿಯ ಬಾಟಲಿ ಇದೆ ಎಂದು ತಿಳಿಸಿದ್ದಾರೆ. ಚೀಟಿಯಲ್ಲಿ ಇರುವುದು ಈ ಮಾತೇ.

ಸಂಜೆ ನಾನು ಕಾಲೇಜಿಗೆ ಮರಳಿ, ಪ್ರಾಂಶುಪಾಲರ ಎದುರಿಗೇ ಧನ್ಯಶ್ರೀಯ ಬೀಕರಿನಲ್ಲಿ ಉಳಿದ ದ್ರಾವಣವನ್ನೂ ಬೇರೆ ಬೆಂಚಿನದ್ದನ್ನೂ ಸಮನಾಗಿ ಅಳೆದು ಬಿಸಿ ಮಾಡಿ, ಪರ್ಮಾಂಗನೇಟಿನಿಂದ ಪರೀಕ್ಷಿಸಿದೆ. ಗುಲಾಬಿ ಬಣ್ಣ ನಿಲ್ಲುವುದಕ್ಕೆ ಎರಡಕ್ಕೂ ಪರ್ಮಾಂಗನೇಟ್ ಅಷ್ಟಷ್ಟೇ ಹಿಡಿಯಿತು, ಹನಿಯ ವ್ಯತ್ಯಾಸವೂ ಬರಲಿಲ್ಲ. ಅಂದರೆ ಅವಳ ಬೀಕರಿನಲ್ಲಿದ್ದುದು ನಾನು ಹಂಚಿದ ದ್ರಾವಣವೇ, ಅದಕ್ಕೆ ಬೇರೇನೂ ಬೆರೆತಿರಲಿಲ್ಲ.

ಇದನ್ನೇ ಈ ಬೆಳಿಗ್ಗೆ ಇಲ್ಲಿ ಹೇಳಿದೆ. ಆಸಿಡ್ ಅಂದ ಮೇಲೆ ವಿಷವೇ ಅಲ್ಲವೇ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದರು. ಹರಳನ್ನು ಚಮಚಗಟ್ಟಲೆ ತಿಂದರೆ ಹೌದು, ಒಂದು ಗುಟುಕು ದ್ರಾವಣದಲ್ಲಿ ಚಿಟಿಕೆಯಷ್ಟೂ ಇರುವುದಿಲ್ಲ, ಶರಬತ್ತಿನ ನಿಂಬೆಹಣ್ಣಿನಲ್ಲೂ ಆಸಿಡ್ಡೇ ಇರುವುದು ಎಂದೆ. ಬೀಕರಿನ ಕಥೆ ಸರಿ, ಮನೆಯ ಬಾಟಲಿಯ ಕಥೆ ಏನು ಎಂದು ಕೇಳಿದರು. ಪೇದೆಯೊಬ್ಬರು ಹೋಗಿ ನೋಡಿ ಬಂದಿದ್ದರು. ಬಾಟಲಿ ಅರ್ಧ ಇದೆ, ಮೊದಲು ಎಷ್ಟಿತ್ತೆಂದು ಮನೆಯವರಿಗೂ ಗೊತ್ತಿಲ್ಲ. ನಾನು ಬೀಕರಿನ ಲೆಕ್ಕವನ್ನೇ ಮತ್ತೊಮ್ಮೆ ಹೇಳತೊಡಗಿದೆ.

ಅಷ್ಟರಲ್ಲಿ ಹೇಳಿಕೆ ಕೊಡಲೆಂದು ಲಕ್ಕಯ್ಯನವರನ್ನು ಒಳಗೆ ಕರೆದರು. ರಾತ್ರಿಯೆಲ್ಲ ಆಸ್ಪತ್ರೆಯ ಜಗಲಿಯಲ್ಲಿದ್ದು ನಿನ್ನೆಯ ಬಟ್ಟೆಯಲ್ಲೇ ಬಂದಿದ್ದರು. ಅವರು ಬೆಂಚಿನ ಮೇಲೆ ಕೂತದ್ದೇ ತಡ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು, "ಇದೆಂತ ನಾತ ಮಾರಾಯ, ಆ ಕಿಟಕಿ ತೆಗಿ" ಎಂದು ಪೇದೆಗೆ ಹೇಳಿದರು. ನನಗೆ ಆಗ ಹೊಳೆಯಿತು. ಡಾಕ್ಟರು ಹುಡುಗಿಯ ಬಟ್ಟೆಯಲ್ಲಿ ಮೂಸಿದ್ದು ಅಪ್ಪನ ಅಂಗಿಯ ಔಷಧಿಯನ್ನು. ಜೀಪಿನ ದಾರಿಯುದ್ದಕ್ಕೂ ಅವಳು ಆ ಅಂಗಿಗೇ ಮುಖವಿಟ್ಟು ಮಲಗಿದ್ದಳು.

ನಾನು ಹೀಗೆಂದು ಹೇಳಿದಾಗ ಸಾಹೇಬರು ತಾವೇ ಆಸ್ಪತ್ರೆಗೆ ಫೋನ್ ಮಾಡಿದರು. ಆ ಔಷಧಿಯೇ ಹೊಟ್ಟೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಫಿಟ್ಸ್ ಬರಬೇಕಿತ್ತು, ಹುಡುಗಿ ರಾತ್ರಿಯೇ ಚೇತರಿಸಿಕೊಂಡು ಬೆಳಿಗ್ಗೆ ಇಡ್ಲಿ ತಿಂದಿದ್ದಾಳೆ, ತಾನು ನೊರೆ, ವಾಸನೆ ಮತ್ತು ತಂದೆಯ ಮಾತಿನ ಮೇಲೆ ಬರೆದದ್ದು, ತಿದ್ದಿ ಕಳಿಸುತ್ತೇನೆ ಎಂದು ಡಾಕ್ಟರು ಹೇಳಿದರೆಂದು ಸಾಹೇಬರು ನಮಗೆ ತಿಳಿಸಿದರು. ನನಗೆ ಹೋದ ಜೀವ ಬಂದಂತಾಯಿತು.

ಲಕ್ಕಯ್ಯನವರು ತೋಳನ್ನು ಮೂಗಿನ ಹತ್ತಿರ ತಂದು ಮತ್ತೆ ಮತ್ತೆ ಮೂಸಿದರು. "ನಂಗೆ ಎಂತದೂ ವಾಸ್ನೆ ಬರ್ತಿಲ್ವಲ್ಲ ಮೇಡಮ್ಮೋರೆ" ಎಂದರು. ಅವರು ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದೆ.

ಮನೆಯಿಂದಲೇ ಕುಡಿದು ಬಂದಳೆಂದು ಯಾಕೆ ಹೇಳಿದಿರಿ ಎಂದು ಸಾಹೇಬರು ಅವರನ್ನು ಕೇಳಿದರು. ನಿನ್ನೆ ಬೆಳಿಗ್ಗೆ ತಾನು ಮಗಳಿಗೆ, ಪಿಯುಸಿ ಮುಗಿದ ಮೇಲೆ ಓದು ಸಾಕು, ಎಸ್ಟೇಟಿನಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಿದ್ದೇನೆ ಎಂದು ಹೇಳಿದೆ, ಅವಳು ತಟ್ಟೆಯನ್ನು ಮುಟ್ಟದೆ ಎದ್ದು ಹೋದಳು, ಬಾಯಲ್ಲಿ ನೊರೆ ನೋಡಿದ ಕೂಡಲೇ ತನಗೆ ಅದೇ ನೆನಪಾಯಿತು ಎಂದು ಅವರು ಹೇಳಿದರು. ಡಾಕ್ಟರಿಗೆ ಹೇಳಿದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆಂದು ಬರೆದುಕೊಳ್ಳಿ ಎಂದೂ ಕೇಳಿಕೊಂಡರು. ಮುಂದಿನ ಗುರುವಾರ ಪ್ರಾಯೋಗಿಕ ತರಗತಿ ಇದೆ ಎಂದು ನಾನು ಹೇಳಿದೆ. "ಬತ್ತಾಳೆ" ಎಂದರು.

ಹೊರಗೆ ಹೋಗುವಾಗ ನನ್ನ ಹತ್ತಿರ ನಿಂತು ಒಂದು ಮಾತು ಹೇಳಿದರು. "ಅವ್ಳು ಹಂಗ್ ಮಾಡ್ಕಂಡ್ಳು ಅಂತ ನಾನು ನಂಬ್ದೆ ಅನ್ನೋದ್ನ ಅವ್ಳಿಗೆ ಹೇಳ್ಬೇಡಿ ಮೇಡಮ್ಮೋರೆ." ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಡೆದದ್ದನ್ನು ಬಿಟ್ಟು ಬರೆಸುವ ಹಾಗಿಲ್ಲವಾದ್ದರಿಂದ ಇಲ್ಲಿ ಬರೆಸಿದ್ದೇನೆ. ಮಧ್ಯಾಹ್ನ ಸಾಹೇಬರು ಹುಡುಗಿಯ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದಾಗ ಈ ಕಾಗದವನ್ನು ಅವಳ ಮುಂದೆ ಓದಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದು, ಕೇಳಿದ್ದು, ಪರೀಕ್ಷಿಸಿದ್ದು ಮಾತ್ರ ಇದರಲ್ಲಿದೆ, ಸರಿಯಾಗಿದೆ.

ಸ್ಥಳ: ಕೆಂಚನಕೊಪ್ಪ
ದಿನಾಂಕ: 20-11-1998

(ಸಹಿ) ಭಾಗೀರಥಿ