ಬಲಗಡೆಯ ಸೀಟು

...ಅಲ್ಲ ಭಾವ, ಸ್ಟೇರಿಂಗ್ ಹಿಡಿದವರೇ ಡ್ರೈವರ್ ಅಂತ ನಿಮಗೆ ಯಾರು ಹೇಳಿದ್ದು? ಅದು ಊರಿನ ಲೆಕ್ಕ. ಬಹರೈನಿನಲ್ಲಿ ಹಾಗಲ್ಲ. ಇಲ್ಲಿ ಸ್ಟೇರಿಂಗ್ ಇರುವುದೇ ಎಡಗಡೆ, ಕಂಡಿರಲ್ಲ? ಎಡಬದಿಯಲ್ಲಿ ಕೂತು ತಿರುಗಿಸುವುದು ಬರೀ ಕೈಕೆಲಸ. ಬಲಬದಿಯಲ್ಲಿ, ಇಲ್ಲಿ, ನಾನು ಕೂತಿದ್ದೇನಲ್ಲ, ಇದು ಯಜಮಾನನ ಸೀಟು. ಬಿಡುವುದು ನಾನೇ. ಹಿಡಿಯುವುದು ಮಾತ್ರ ಅವಳು.

ಹಿಂದಿನ ಸೀಟಿನ ಆ ಕಿಟಕಿ ಏರಿಸಿ ಭಾವ, ತಂಪೆಲ್ಲ ಹೊರಗೆ ಹೋಗ್ತದೆ. ಮೈಮೂನ ಮೀನು ತಗೊಂಡು ಈಗ ಬರ್ತಾಳೆ. ಅಣ್ಣನಿಗೆ ಅಂಜಲ್ ಮೀನು ಅಂದ್ರೆ ಜೀವ ಅಂತ ವಿಮಾನ ನಿಲ್ದಾಣದಿಂದ ಸೀದಾ ಮನೆಗೆ ಹೋಗದೆ ಈ ಹೂರಾ ಪೇಟೆಯ ಗಲ್ಲಿಗೆ ನುಗ್ಗಿಸಿದ್ಳು. ನುಗ್ಗಿಸಿದ್ಳು ಅಂದ್ರೆ... ನಾನು ನುಗ್ಗಿಸು ಅಂದೆ. ಯಾಕೆ ನಗ್ತೀರಿ? ಓ, ಅದು ನಗು ಅಲ್ವಾ? ಸರಿ.

ನೀವು ಇಳಿದ ಕೂಡಲೇ ಹೇಳಿದ್ರಿ, ತಂಗಿಯನ್ನು ಮುಂದಿನ ಬೊಂಬಾಯಿ ವಿಮಾನದಲ್ಲೇ ಕರ್ಕೊಂಡು ಹೋಗ್ತೇನೆ ಅಂತ. ಮರ್ಯಾದೆ ಹೋಯ್ತು ಅಂತ. ಶಾಹುಲ್ ಹಮೀದರ ತಂಗಿ ಕಾರು ಬಿಡ್ತಾಳಂತೆ ಅಂತ ನಮಾಜಿಗೆ ಹೋದ್ರೆ ಪಳ್ಳಿಯ ಮೆಟ್ಟಿಲಲ್ಲಿ ಕೇಳ್ತಾರೆ ಅಂತ. ಇದೆಲ್ಲ ಆ ಮಸೂದನ ಕೆಲಸ, ನನಗೆ ಗೊತ್ತುಂಟು. ನಾನು ಕಳಿಸಿದ ಫೋಟೋ ಉಳ್ಳಾಲದಲ್ಲಿ ಎಲ್ಲರ ಮನೆ ಸುತ್ತಿ ಬಂತಲ್ಲ? ಈ ಮೊಯಿದಿನ್ ಬಲಗಡೆ, ಮೊಣಕೈ ಕಿಟಕಿಯ ಮೇಲೆ, ಪಕ್ಕದಲ್ಲಿ ಹೆಂಡತಿ. ಎಲ್ಲರೂ ಎಂತ ಹೇಳಿದ್ರು? ಎಷ್ಟು ಗತ್ತಿನಿಂದ ಕಾರು ಬಿಡ್ತಾನೆ ಅಂತ ಹೇಳಿದ್ರು. ನೀವೂ ಹೇಳಿದ್ರಿ. ಆಗ ಮರ್ಯಾದೆ ಇತ್ತಾ ಇಲ್ವಾ? ಇತ್ತು. ಅದೇ ಫೋಟೋ, ಅದೇ ಕಾರು, ಅದೇ ನಾನು. ಮಸೂದ ಇಲ್ಲಿಂದ ರಜೆಗೆ ಊರಿಗೆ ಹೋದವನು ಬಾಯಿ ಮುಚ್ಕೊಂಡು ಬಿರಿಯಾನಿ ತಿಂದು ಬರ್ಬೇಕಿತ್ತು. ಗಲ್ಫಿನಲ್ಲಿ ಸ್ಟೇರಿಂಗ್ ಆಚೆ ಬದಿ ಅಂತ ಹೇಳಿಬಿಟ್ಟ. ನೋಡಿ, ಒಂದು ಮಾತಿನಲ್ಲಿ ನನ್ನ ಮರ್ಯಾದೆ ಈ ಸೀಟಿನಿಂದ ಆ ಸೀಟಿಗೆ ಹೋಯ್ತು.

ನಾನೇನು ಸುಮ್ಮನೆ ಕೂತಿದ್ದೇನಾ ಭಾವ? ಎಷ್ಟು ಬಂದೋಬಸ್ತು ಮಾಡಿದ್ದೇನೆ. ಮೊದಲು ಅವಳ ಬದಿಯ ಕಿಟಕಿಗೆ ಪರದೆ ಹಾಕಿಸಿದೆ, ನನ್ನ ಹೊಸ ಲುಂಗಿಯನ್ನೇ ಹರಿದು. ಕನ್ನಡಿ ಕಾಣುವುದಿಲ್ಲ ಅಂತ ಅವಳ ತಕರಾರು. ಇರಲಿ ಅಂತ ನಾನು. ಆಮೇಲೆ ಪೋಲೀಸಿನವನು ನಿಲ್ಲಿಸಿ ಪರದೆಯನ್ನೇ ಕಿತ್ತುಕೊಂಡು ಹೋದ. ಲುಂಗಿಯೂ ಹೋಯ್ತು. ಮತ್ತೆ ನಮ್ಮ ಕಡೆಯವರ ಚಾದ ಅಂಗಡಿ, ಅಗೋ ಎದುರಿಗೆ ಕಾಣುವುದೇ ಅದು, ಅದರ ಮುಂದೆ ಹಾದುಹೋಗುವಾಗ ನಾನು ಕೈ ಹೊರಗೆ ಹಾಕಿ ಸಿಗ್ನಲ್ ಕೊಡ್ತೇನೆ. ದೂರದಿಂದ ನೋಡಿದವರಿಗೆ ಗಂಡಸಿನ ಕೈಯೇ ಕಾಣುವುದು. ಅವಳು ಅತ್ತ ತಿರುಗಿಸಿ ನಾನು ಇತ್ತ ಕೈ ತೋರಿಸಿ, ಹಿಂದಿನ ಕಾರಿನವನು ಒಮ್ಮೆ ಅಂಗಡಿಯ ಬೆಂಚಿಗೇ ಗುದ್ದಿದ... ಅದು ಬಿಡಿ. ಅವನಿಗೆ ಬಿಡ್ಲಿಕ್ಕೆ ಬರುವುದಿಲ್ಲ.

ಇದು ನೋಡಿದ್ರಾ? ರಬ್ಬರ್ ಹಾರ್ನ್. ಊರಿಂದ ತರಿಸಿದ್ದು, ನಮ್ಮ ರಿಕ್ಷಾಗಳಲ್ಲಿ ಇರುವಂಥದ್ದು. ನನ್ನ ಬಾಗಿಲಿಗೇ ಕಟ್ಟಿಸಿದ್ದೇನೆ. ಹಾರ್ನ್ ಯಾರ ಕೈಯಲ್ಲಿ ಉಂಟೋ ಗಾಡಿ ಅವರದ್ದು. ಪೋಂ. ಕೇಳಿದ್ರಾ? ಅವಳ ಬದಿಯ ಹಾರ್ನ್ ಮುಟ್ಟಬಾರದು ಅಂತ ಹೇಳಿದ್ದೇನೆ. ಮುಟ್ಟುವುದಿಲ್ಲ. ಅಷ್ಟು ಮಾತು ಕೇಳ್ತಾಳೆ, ನಿಮ್ಮ ತಂಗಿ ಅಲ್ವಾ.

ಈಗ ಸೇತುವೆ ದಾಟಿ ಬರುವಾಗಲೇ ನೋಡಿದ್ರಿ. ಕೆಂಪು ದೀಪ ಬಂತು, ನಾನು ನಿಲ್ಲಿಸು ಅಂದೆ. ನಿಲ್ಲಿಸಿದ್ಳಾ ಇಲ್ವಾ? ಹಾಗೆ ಮುಖ ಮಾಡ್ಬೇಡಿ. ನಾನು ಹೇಳುವ ಮೊದಲೇ ನಿಲ್ಲಿಸಿದ್ಳು, ಹೌದು. ಸಂಸಾರ ಹಳತಾದ ಮೇಲೆ ಗಂಡ ಬಾಯಿ ತೆರೆಯುವ ಮೊದಲೇ ಹೆಂಡತಿಗೆ ಅರ್ಥ ಆಗ್ತದೆ. ಮತ್ತೆ ಎಡಕ್ಕೆ ಅಂದೆ, ಬಲಕ್ಕೆ ಹೋದ್ಳು. ಅದೂ ನೋಡಿದ್ರಾ? ಎಡಕ್ಕೆ ಸಮುದ್ರ ಭಾವ. ಎಚ್ಚರ ಉಂಟಾ ಇಲ್ವಾ ಅಂತ ನಾನು ಪರೀಕ್ಷೆ ಮಾಡಿದ್ದು.

ನಿಮ್ಮ ಅಪ್ಪ, ನಮ್ಮ ಮಾವ, ಹಡಗಿನಲ್ಲಿ ಇದ್ದವರಲ್ವಾ? ಕಪ್ತಾನ ಯಾವತ್ತಾದರೂ ಚುಕ್ಕಾಣಿ ಹಿಡಿದದ್ದುಂಟಾ? ಅವನು ಚಾ ಕುಡಿತಾ ಹೇಳುವುದು, ಚುಕ್ಕಾಣಿಯವನು ತಿರುಗಿಸುವುದು. ಹಡಗು ಯಾರದ್ದು ಅಂತ ಕೇಳಿದ್ರೆ ಕಪ್ತಾನನ ಹೆಸರೇ ಹೇಳುವುದು. ಹಾಂ? ಕಪ್ತಾನನಿಗೆ ತಿರುಗಿಸ್ಲಿಕ್ಕೆ ಗೊತ್ತಿರ್ತದಾ? ಗೊತ್ತಿರ್ತದೆ. ಗೊತ್ತಿಲ್ಲದೆ ಉಂಟಾ. ನನಗೂ ಗೊತ್ತುಂಟು. ನಾನು ಯಾರು? ಊರಿನಲ್ಲಿ ಯಾರಲ್ಲಿ ಬೇಕಾದ್ರೂ ಕೇಳಿ, ಡ್ರೈವರ್ ಮೊಯಿದಿನ್. ನೀವೂ ಬಹರೈನಿನ ಡ್ರೈವರ್ ಅಂತಲೇ ಅಲ್ವಾ ತಂಗಿಯನ್ನು ಕೊಟ್ಟದ್ದು? ಅವಳಿಗೆ ಕಲಿಸಿದ್ದು ಮತ್ತೆ ಯಾರು, ನಾನೇ ಅಲ್ವಾ... ಕಲಿಸಿದ್ದು ಅಂದ್ರೆ, ಕಲಿ ಅಂದದ್ದು.

ಅದು ಯಾರು ಹಿಂದಿನಿಂದ ಹಾರ್ನ್ ಹೊಡೆಯುವುದು? ನೀರಿನ ಲಾರಿ. ಹೊಡೀಲಿ ಬಿಡಿ. ಇಲ್ಲಿ ಜನ ಸಲಾಂ ಹೇಳುವುದೇ ಹಾಗೆ. ಪೋಂ. ನೋಡಿ, ನಾನೂ ಹೇಳಿದೆ.

ಮತ್ತೂ ಹೊಡಿತಾನಲ್ಲ. ಇಳಿದು ಬಂದ ನೋಡಿ. ವಅಲೈಕುಮುಸ್ಸಲಾಂ... ಹಾಂ ಹಾಂ, ದೋ ಮಿನಿಟ್, ಮೇಡಂ ಆ ರಹಾ. ಅವನಿಗೆ ಅಂಗಡಿಯ ಟ್ಯಾಂಕಿಗೆ ನೀರು ಬಿಡ್ಬೇಕಂತೆ. ಕಾರು ಸ್ವಲ್ಪ ಮುಂದೆ ತೆಗಿ ಅಂತಾನೆ. ತೆಗೀಬಹುದಿತ್ತು. ನನಗೆ ಎಂತ, ಒಂದು ನಿಮಿಷದ ಕೆಲಸ. ಆದ್ರೆ ಎಂತ ಮಾಡುವುದು, ಕೀ ಮೈಮೂನಳ ಹತ್ರ ಉಂಟಲ್ಲ ಭಾವ.

ಹಾಂ?

ಎಸಿ... ಹೌದು. ಓಡ್ತಾ ಉಂಟು. ಇಂಜಿನೂ ಓಡ್ತಾ ಉಂಟು. ಕೀ ಅದರಲ್ಲೇ ಉಂಟು.

ನೀವು ಯಾಕೆ ಇಳಿದದ್ದು ಭಾವ? ಬಿಸಿಲು ಜೋರುಂಟು, ಒಳಗೆ ಬನ್ನಿ. ಆ ಬಾಗಿಲು ಯಾಕೆ ತೆಗೆದ್ರಿ? ಅದು ಮೈಮೂನಳ ಬದಿ... ನಾನಾ? ನಾನು ಆ ಕಡೆ ಸರಿದು ಕೂರ್ಬೇಕಾ? ಕೂರ್ತಿದ್ದೆ ಭಾವ. ಆದ್ರೆ ಕಾಲು. ಈ ಮಂಡಿ ಮಡಚುವುದಿಲ್ಲ. ಕನ್ನಡಕವೂ ಮನೆಯಲ್ಲಿ ಉಂಟು. ಮತ್ತೆ ಆ ಸೀಟು ಅವಳ ಅಳತೆಗೆ ಮುಂದೆ ಎಳೆದದ್ದು, ನನ್ನ ಹೊಟ್ಟೆ...

ಬಾಗಿಲು ಹಿಡ್ಕೊಂಡು ಹಾಗೆ ಸುಮ್ಮನೆ ನೋಡ್ಬೇಡಿ. ಬೈಯಿರಿ ಬೇಕಾದ್ರೆ.

ಒಮ್ಮೆ ಮಗಳಿಗೆ ಜ್ವರ ಏರಿ ಕಣ್ಣು ಮೇಲೆ ಹೋಗಿತ್ತು ಭಾವ. ಈ ಕಾರು ಬಾಗಿಲಲ್ಲೇ ಇತ್ತು. ದಿನಾ ಒರೆಸ್ತಿದ್ದೆ ನಾನು, ಫಳಫಳ ಹೊಳಿತಿತ್ತು. ಮೈಮೂನ ನನ್ನನ್ನು ನೋಡಿದ್ಳು. ನೀವು ಈಗ ನೋಡ್ತೀರಲ್ಲ, ಹೀಗೇ. ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದ್ಳು, ಟ್ಯಾಕ್ಸಿ ಹುಡುಕ್ಕೊಂಡು. ಮಗು ಉಳಿಯಿತು. ಮರುವಾರ ಅವಳು ಡ್ರೈವಿಂಗ್ ಕಲೀಲಿಕ್ಕೆ ಹೋದ್ಳು. ನಾನು ಬೇಡ ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನುವುದು? ಇವತ್ತಿಗೂ ಅವಳು ಅದನ್ನು ಯಾರಿಗೂ ಹೇಳಲಿಲ್ಲ, ನಿಮಗೂ ಇಲ್ಲ. ನಾನು ಎಡ ಅಂದ್ರೆ ಹೂಂ ಅಂತಾಳೆ, ಬಲ ಅಂದ್ರೂ ಹೂಂ ಅಂತಾಳೆ.

ಅವಳನ್ನು ಕರ್ಕೊಂಡು ಹೋಗ್ಬೇಡಿ ಭಾವ. ನೀವು ಡ್ರೈವರ್ ಮನೆ ಅಂತಲೇ ಅಲ್ವಾ ಹೆಣ್ಣು ಕೊಟ್ಟದ್ದು? ಡ್ರೈವರ್ ಮನೆಯೇ ಹೌದಲ್ಲ ಈಗ.

ಚಾದ ಅಂಗಡಿಯವರು ಎಲ್ಲ ಗ್ಲಾಸು ಹಿಡ್ಕೊಂಡು ಹೊರಗೆ ಬಂದಿದ್ದಾರೆ. ಲಾರಿಯವನು ಮತ್ತೆ ಹೊಡಿತಾನೆ. ಪೋಂ. ಪೋಂ, ಪೋಂ. ಮೈಮೂನಾ... ಬಾ ಮಾರಾಯ್ತಿ.

ಅಗೋ, ಬಂದ್ಳು. ಮೀನಿನ ಚೀಲ ಉಂಟು ಕೈಯಲ್ಲಿ.

ಭಾವ... ಹೇಗೂ ತೆಗೆದಾಗಿದೆ. ಆ ಬಾಗಿಲು ಹಾಗೇ ಹಿಡ್ಕೊಳ್ಳಿ. ಅವಳು ಹತ್ತಲಿ.