ತಪ್ಪು ಹೇಳಿಕೊಟ್ಟ ಐಗಳು

ಹೂಂಗುಟ್ಟೋರು ಯಾರು? ನೀನಾ ಗೌರಕ್ಕ? ಜೋರಾಗಿ ಹೂಂ ಅನ್ನು, ಇಲ್ಲಾಂದ್ರೆ ಕತೆ ನಡುದಾರೀಲಿ ಮಲಗಿಬಿಡುತ್ತೆ.

ಯಾವುದೋ ಒಂದು ಸೀಮೆ. ಹೆಸರು ಕೇಳಬೇಡಿ, ಕೇಳಿದರೆ ಸುಳ್ಳು ಹೇಳಬೇಕಾಗುತ್ತೆ. ಆ ಸೀಮೆಗೊಬ್ಬ ಪಾಳೇಗಾರ, ಓಬಳನಾಯಕ. ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಆಗಿನ್ನೂ ನಮ್ಮಜ್ಜ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಒಂದು ದಿನ ನಾಯಕ ನೆಂಟರೆದುರು ತನ್ನ ಕುದುರೆ ಲೆಕ್ಕ ಹೇಳೋಕೆ ಹೋದ. ಐದು ಸಾಲು, ಸಾಲಿಗೆ ಆರು. "ಒಟ್ಟು ಇಪ್ಪತ್ತೆಂಟು!" ಅಂದ. ನೆಂಟರು ನಕ್ಕರು. ಕುದುರೆಗಳೂ ನಕ್ಕವು.

ನಾಯಕನಿಗೆ ರೋಷ ಬಂತು. "ನನಗಂತೂ ಮಗ್ಗಿ ಹತ್ತಲಿಲ್ಲ. ನನ್ನ ಮೂರು ಹೆಣ್ಣುಮಕ್ಕಳಿಗೆ ಬರಲೇಬೇಕು. ದೀಪಾವಳಿಗೆ ತುಂಬಿದ ಸಭೇಲಿ ಪರೀಕ್ಷೆ. ಮಗ್ಗಿ ಬಂದವಳು ತನಗೆ ಒಪ್ಪಿದವನನ್ನ ಆರಿಸಿಕೊಳ್ಳಲಿ. ಬಾರದವಳು ಬೊಮ್ಮಣ್ಣನ ಪಾಲು!"

ಬೊಮ್ಮಣ್ಣ ಯಾರು? ಹುಡುಗಿಯರ ಸೋದರಮಾವ. ವಯಸ್ಸು ಐವತ್ತು. ಅವನು ಗೊರಕೆ ಹೊಡೆದರೆ ಹೆಂಚು ಜಾರೋದು. ಮಾತಾಡೋಕೆ ಶುರು ಮಾಡಿದರೆ, ಗೊರಕೆಯೇ ವಾಸಿ ಅನ್ನಿಸೋದು.

ಮನೆಪಾಠಕ್ಕೆ ಪರ್ವತಯ್ಯ ಐಗಳು ಬಂದರು. ಮೂವರನ್ನೂ ಸಾಲಾಗಿ ಕೂರಿಸಿ "ಎರಡೊಂದ್ಲ ಎರಡು" ಅಂದರು. ಒಬ್ಬಳಿಗೂ ಹತ್ತಲಿಲ್ಲ. ಬೆತ್ತ ತೋರಿಸಿದರು. ಚಿಕ್ಕವಳು ಬೆತ್ತ ಇಸ್ಕೊಂಡು ಬೆನ್ನು ಕೆರೆದುಕೊಂಡಳು.

ಐಗಳು ಬೆತ್ತ ಮೂಲೆಗಿಟ್ಟು ಮೂರು ದಿನ ಸುಮ್ಮನೆ ನೋಡುತ್ತಾ ಕೂತರು. ಏನು ಕಂಡರು? ದೊಡ್ಡವಳು ದ್ಯಾಮಕ್ಕ, ರಾಗಿ ಬೀಸುವವರ ಪದ ಒಂದು ಸಲ ಕೇಳಿದರೆ ಹಾಗೇ ಹಾಡೋಳು. ಐಗಳು ಮಗ್ಗಿಗೆ ಬೀಸೋಪದದ ರಾಗ ಕಟ್ಟಿದರು. ಹದಿನೈದು ದಿನಕ್ಕೆ ದ್ಯಾಮಕ್ಕನಿಗೆ ಬಂತು. ನಡುವಿನವಳು ಈರಕ್ಕ, ಸದಾ ಅಳಗುಳಿಮಣೆ ಮುಂದೆ. ಐಗಳು ಹುಣಸೆಬೀಜ ಸುರಿದು, "ಏಳು ಗುಳಿ, ಗುಳಿಗೆ ಮೂರು ಹಾಕು ತಾಯಿ, ಈಗ ಎಣಿಸು" ಅಂದರು. ತಿಂಗಳಿಗೆ ಈರಕ್ಕನಿಗೂ ಬಂತು.

ಚಿಕ್ಕವಳು ಚೆನ್ನಾಜಿ? ಹಾಡಿದರೆ ಆಕಳಿಸಿದಳು. ಬೀಜ ಕೊಟ್ಟರೆ ಹುರಿದು ತಿಂದಳು. ಆದರೆ ಒಬ್ಬಳೇ ಇದ್ದಾಗ ಅಳೋಳು. "ಐಗಳೇ, ನನ್ನನ್ನ ಆ ಮಾವನಿಗೆ ಕೊಟ್ಟರೆ ಬಾವಿ ನೋಡ್ಕೋತೀನಿ" ಅಂದಳು. ಐಗಳು ಗಡಬಡಿಸಿ ಮತ್ತೆ ಮಗ್ಗಿಗೇ ಕೈ ಹಾಕಿದರು.

ಆ ಗಾಬರೀಲಿ ಅವರ ನಾಲಿಗೆ ತೊದಲಿತು. "ಆರೇಳ್ಲ ನಲವತ್ಮೂರು..."

"ನಲವತ್ತೆರಡು!" ಚೆನ್ನಾಜಿ ಕಣ್ಣೊರೆಸಿಕೊಂಡು ಎದ್ದು ಕೂತಳು. "ಅಕ್ಕ ದಿನಾ ಹಾಡ್ತಾಳಲ್ಲ, ಅಷ್ಟೂ ಬರಲ್ವಾ ನಿಮಗೆ? ಅಕ್ಕನ ಬೀಜ ತನ್ನಿ, ಎಣಿಸಿ ತೋರಿಸ್ತೀನಿ!"

ಕೇಳಿದ್ರಾ? ಅವತ್ತಿನಿಂದ ಐಗಳು ದಿನಾ ಬೇಕೂಂತಲೇ ತಪ್ಪು ಹೇಳಿದರು. ಅವರನ್ನ ಹಿಡಿಯೋಕೇ ಅಂತ ಚೆನ್ನಾಜಿ ಬೆಳಗ್ಗೆ ಎದ್ದು ಬೀಜ ಎಣಿಸೋಳು, ಅಕ್ಕನ ಪದ ಕದ್ದು ಕೇಳೋಳು. "ಐಗಳಿಗೆ ಅರಳುಮರಳು" ಅಂತ ಊರೆಲ್ಲ ಆಡಿಕೊಂಡಿತು. ಐಗಳು ತಲೆ ಕೆಡಿಸಿಕೊಳ್ಳಲಿಲ್ಲ.

ದೀಪಾವಳಿ ಬಂತು, ಸಭೆ ತುಂಬಿತು. ಮಗ್ಗಿ ಓಲೆ ಹಿಡಿದು ಕರಣಿಕರು ತಾಳೆ ನೋಡೋಕೆ ಕೂತರು. ಅಕ್ಕಂದಿರಿಬ್ಬರೂ ಗೆದ್ದರು. ಚೆನ್ನಾಜಿಗೆ ಪ್ರಶ್ನೆ ಕೇಳೋಕೆ ಯಾರು ಎದ್ದರು ಅಂತೀರಿ? ಬೊಮ್ಮಣ್ಣನೇ, ಮದುಮಗನ ಪೇಟ ಸುತ್ತಿಕೊಂಡು!

"ಏಳೆಂಟ್ಲ?"

ಚೆನ್ನಾಜಿ ಬಾಯಿ ಬಿಡಲಿಲ್ಲ. ಐಗಳಿಗೆ ತಡೆಯೋಕಾಗಲಿಲ್ಲ. "ಐವತ್ನಾಲ್ಕು!" ಅಂತ ಕೂಗಿದರು.

"ಐವತ್ತಾರು! ಮಾನ ಕಳೀತೀರಲ್ಲ ಐಗಳೇ!"

"ಹೇಳಿಕೊಟ್ಟರು!" ಅಂದ ಬೊಮ್ಮಣ್ಣ. "ತಪ್ಪು ಹೇಳೋದು ಹೇಳಿಕೊಟ್ಟ ಹಾಗೆ ಹೆಂಗಾಯ್ತು?" ಅಂದರು ಕರಣಿಕರು. ಆದರೂ ಐಗಳನ್ನ ಹೊರಗೆ ಕಳಿಸಿದರು.

"ಒಂಬತ್ತಾರ್ಲ?"

ಚೆನ್ನಾಜಿ ಕೈಬಳೆ ತಿರುಗಿಸುತ್ತಾ ನಿಂತಳು. ದ್ಯಾಮಕ್ಕ ಮೆಲ್ಲಗೆ ಗುನುಗಿದಳು, "ಒಂಬತ್ತಾರ್ಲ ಐವತ್ತೆರಡೂ..."

"ಐವತ್ನಾಲ್ಕು ಕಣೇ! ಹಾಡು ಮರೆತೆಯಾ?"

ಅಕ್ಕಂದಿರಿಬ್ಬರೂ ಹೊರಗೆ ಹೋಗಬೇಕಾಯ್ತು. ಈಗ ತಪ್ಪು ಹೇಳೋರು ಯಾರೂ ಇಲ್ಲ. ಬೊಮ್ಮಣ್ಣ ಮೀಸೆ ತೀಡಿದ.

"ಹದಿಮೂರೊಂಬತ್ಲ?"

ಚೆನ್ನಾಜಿ ಸುಮ್ಮನೆ ನಿಂತಳು. ನಾಯಕ ತಲೆ ತಗ್ಗಿಸಿದ. ಹೊರಗೆ ಐಗಳು ಬಾಗಿಲಿಗೆ ಹಣೆ ಒತ್ತಿಕೊಂಡರು. ಬೊಮ್ಮಣ್ಣ ಸುಮ್ಮನಿದ್ದಿದ್ದರೆ ಸಾಕಿತ್ತು, ಮದುವೆ ಆಗೇಹೋಗ್ತಿತ್ತು. ಆದರೆ ಬೊಮ್ಮಣ್ಣ ಸುಮ್ಮನಿರೋ ಜಾತಿಯೇ?

"ಬರಲಿಲ್ಲ ಅಲ್ವಾ? ನಾನು ನಿದ್ದೆಗಣ್ಣಲ್ಲಿ ಹೇಳ್ತೀನಿ. ನೂರಾ ಹದಿನೆಂಟು!"

"ನೂರಾ ಹದಿನೇಳು ಮಾವ! ನಿದ್ದೇಲಿ ಒಂದು ಜಾಸ್ತಿ ಆಯ್ತು, ಎದ್ದೇಳಿ!"

ಕರಣಿಕರು ಓಲೆ ನೋಡಿದರು. ನೂರಾ ಹದಿನೇಳು. ಸಭೆ ಹೋ ಅಂತು. ಬೊಮ್ಮಣ್ಣನ ಪೇಟ ಜಾರಿ ಮೂಗಿಗೆ ಬಂತು. ಅದರೊಳಗಿಂದಲೇ ಹಾದಿ ಹುಡುಕಿಕೊಂಡು ಹೋದ.

ನಾಯಕ ಮಗಳ ಕೈ ಹಿಡಿದ. "ಅಲ್ಲಮ್ಮಾ, ಇಷ್ಟು ಬರುತ್ತೆ, ಕೇಳಿದರೆ ಯಾಕೆ ಹೇಳಲ್ಲ?"

"ಕೇಳೋರಿಗೆ ಉತ್ತರ ಗೊತ್ತಿರುತ್ತಲ್ಲಪ್ಪ," ಅಂದಳು ಚೆನ್ನಾಜಿ. "ಗೊತ್ತಿರೋರಿಗೆ ನಾನ್ಯಾಕೆ ಹೇಳಬೇಕು? ಗೊತ್ತಿಲ್ಲದೋರಿಗೆ ತಾನೇ ಹೇಳೋದು?"

ಅಲ್ಲಿ ಹೋಳಿಗೆ ಬೆಂದವು, ಇಲ್ಲಿ ನನ್ನ ಕತೆ ಬೆಂತು. ಉಂಡೋರು ಅವರು, ಬಾಯಿ ಒಣಗಿದ್ದು ನನ್ನದು. ಒಂದು ಲೋಟ ಮಜ್ಜಿಗೆ ತಾ ಗೌರಕ್ಕ.